ಲಿಫ್ಟಿನ ಚಿಲ್ಲರೆ

ಹೇಗೆ ಸಿಗುತ್ತವೆ ಅಕ್ಕಾ ಇವೆಲ್ಲ ಪುಕ್ಕಟೆ
ಎಂದು ಕೇಳಿದೆಯಲ್ಲ ತೆಕ್ಲೆ, ಕೂತುಕೋ.
ಆ ಪೆಟ್ಟಿಗೆ ಸರಿಸು, ಅದರಲ್ಲೇನಿಲ್ಲ,
ಬರೀ ಚೂರು ಕಾಗದ, ಒಂದು ಕಾರ್ಡು,
‘ಪ್ರೀತಿಯ ಮಾರೆಖಿಗೆ’ ಅಂತ.
ಪ್ರೀತಿಯೂ ಅಚ್ಚಾದದ್ದೇ.

ಮೊದಲು ಕಾಸು ಕೊಟ್ಟೇ ಕೊಂಡೆ.
ದಿನವಿಡೀ ಔಷಧಿ ಅಂಗಡಿಯಲ್ಲಿ ನಿಂತು
ಸಂಜೆ ಅದೇ ಅಂಗಡಿಯ ಅತಿ ಅಗ್ಗದ ಸಾಬೂನು.
ಬಾಲ್ಕನಿಯಲ್ಲಿ, ಒಗೆದ ಬಟ್ಟೆ ತೊಟ್ಟಿಕ್ಕುವ ಹಗ್ಗದ ಕೆಳಗೆ
ನೊರೆ ತೋರಿಸಿದೆ, ತೊಳೆದ ಕೈ ತೋರಿಸಿದೆ,
ಮೂರನೇ ದಿನ ಬಿರಿದ ಬೆರಳ ಸಂದು ತೋರಿಸಿದೆ.
ನೂರಾ ಆರು ಜನ ನೋಡಿದರು.
ಅದರಲ್ಲಿ ಅರ್ಧ ನಮ್ಮ ನೆಂಟರು.

ಆಮೇಲೆ ಬರೆಯಬೇಕು. ಉದ್ದ ಬೇಡ.
ನಿಮ್ಮ ಕಂಪನಿಯೆಂದರೆ ನನಗೆ ಪ್ರಾಣ ಎಂದೆಲ್ಲ ಬರೆದರೆ
ಆ ಕಡೆ ಕೂತವಳೂ ಒಬ್ಬ ಹುಡುಗಿಯೇ, ಅವಳಿಗೆ ಗೊತ್ತಾಗುತ್ತದೆ.
ನಾನು ಯಾರು, ನನ್ನನ್ನು ಯಾರು ನೋಡುತ್ತಾರೆ,
ನಿಮ್ಮದನ್ನು ಯಾವ ಬೆಳಕಲ್ಲಿ ಇಡುತ್ತೇನೆ. ಮೂರೇ ಸಾಲು.
ಮೂರು ಸಾವಿರದ ನಾನೂರ ಹನ್ನೆರಡು ಎಂದರೆ ಅಷ್ಟೇ,
ಒಂದು ಸೊನ್ನೆಯನ್ನೂ ಸಾಲ ತರಬೇಡ.
ದೊಡ್ಡವರ ಬಾಗಿಲಿಗೆ ಹೋಗಬೇಡ,
ಮೊನ್ನೆ ಮೊನ್ನೆ ಅಂಗಡಿ ತೆರೆದವರನ್ನು ಹುಡುಕು,
ಅವರಿಗೂ ರಾತ್ರಿ ನಿದ್ದೆ ಬರುವುದಿಲ್ಲ.

ಹದಿನಾಲ್ಕು ಬರೆದೆ. ಎರಡು ಉತ್ತರ.
ಒಂದರಲ್ಲಿ ಕ್ಷಮಿಸಿ.
ಇನ್ನೊಂದರಲ್ಲಿ ವಿಳಾಸ ಕೇಳಿದ್ದರು.
ವಿಳಾಸ! ಕುತೈಸಿಯ ಈ ಮುದಿ ಕಟ್ಟಡಕ್ಕೆ
ಬಿಲ್ಲು ಬಿಟ್ಟರೆ ಬೇರೇನು ಬಂದಿತ್ತು ಹೇಳು.

ಕೊರಿಯರ್ ಹುಡುಗ ಕೆಳಗಿಂದ ಕೂಗಿದ,
ಅಕ್ಕಾ, ಲಿಫ್ಟಿಗೆ ಚಿಲ್ಲರೆ ಇಲ್ಲ.
ನಮ್ಮ ಲಿಫ್ಟು ಗೊತ್ತಲ್ಲ, ಕಾಸು ನುಂಗದೆ ಕದಲದು,
ಮದುವಣಗಿತ್ತಿಯನ್ನೂ ಬಿಟ್ಟಿ ಏರಿಸಿದ್ದಿಲ್ಲ.
ಎಂಟು ಮಹಡಿ ಮೆಟ್ಟಿಲಲ್ಲೇ ಓಡಿ ಇಳಿದು
ಹತ್ತು ತೆತ್ರಿ ಹಾಕಿ ಏರಿದೆ, ಡಬ್ಬಿ ಎದೆಗವಚಿ.
ಪುಕ್ಕಟೆಗೆ ಕೊಟ್ಟ ಮೊದಲ ಬೆಲೆ.

ತಳದಲ್ಲಿ ಮಡಿಸಿದ ಇನ್ನೊಂದು ಕಾಗದ:
ಎರಡು ರೀಲು, ಒಂದು ಸ್ಟೋರಿ,
‘ಏಳೇ ದಿನದಲ್ಲಿ ಕಾಂತಿ’ ಎಂಬ ಮಾತು ಬರಲೇಬೇಕು,
ಮೂವತ್ತು ದಿನ ಅಳಿಸಕೂಡದು.
ನಾರ್ಗಿಜಾ ಅತ್ತೆ ಬಿಳಿ ಮೇಲುಹಾಸು ಹಿಡಿದು
ಕಿಟಕಿಯ ಬೆಳಕನ್ನು ನನ್ನ ಮುಖಕ್ಕೆ ತಿರುಗಿಸಿ ನಿಂತಳು
ತೋಳು ನಡುಗುವ ತನಕ.
ನನಗೆ ಕೂಲಿ ಏನೇ ಎಂದಳು.
ಕ್ರೀಮು, ಎಂದೆ.
ಪುಕ್ಕಟೆ ಸಿಕ್ಕರೆ ನನಗೊಂದು, ನಮ್ಮಪ್ಪನಿಗೊಂದು.
ರಾತ್ರಿ ರಾತ್ರಿ ಅವಳೂ ಬಳಿದುಕೊಂಡಳು.

ಐದನೇ ದಿನ ಅವಳ ಎಡಗೆನ್ನೆ
ದಾಳಿಂಬೆ ಬಿಡಿಸಿಟ್ಟ ಹಾಗೆ.
ನನಗೇನೂ ಆಗಿರಲಿಲ್ಲ ತೆಕ್ಲೆ, ಅದೇ ಕಷ್ಟ.
ನನ್ನ ಕೆನ್ನೆ ತೋರಿಸಿದ್ದರೆ ಅದು ಸುಳ್ಳಲ್ಲ.
ಅವಳದನ್ನು ತೋರಿಸದಿದ್ದರೆ?
ಎರಡು ರಾತ್ರಿ ಫೋನನ್ನು ದಿಂಬಿನಡಿ ಹಾಕಿ ಮಲಗಿದೆ,
ಅದಕ್ಕೇ ಜ್ವರ ಬಂದ ಹಾಗೆ ಬಿಸಿ.
ಕೊನೆಗೆ ಅತ್ತೆಯೇ ಅಂದಳು, ಆ ನೀಲಿ ಸ್ಕಾರ್ಫು ತಾ,
ತೆಗೆಯುವುದಾದರೆ ನೆಟ್ಟಗೆ ತೆಗೆ.

ತೆಗೆದೆ. ಇದು ಕಂಪನಿ ಕೊಟ್ಟದ್ದು, ನಾನು ಕೊಂಡದ್ದಲ್ಲ
ಎಂದು ಮೊದಲ ಮಾತಲ್ಲೇ ಹೇಳಿದೆ.
ಇದು ನಾನು. ಇದು ಅತ್ತೆ.
ಕಂಪನಿಯ ಹುಡುಗಿ ನೋಡಿದ ಗುರುತು ಬಿತ್ತು,
ಮಾತು ಬರಲಿಲ್ಲ.
ಹನ್ನೊಂದು ಜನ ಬಿಟ್ಟುಹೋದರು.
ಜೆಸ್ತಾಫೋನಿಯಿಂದ ಯಾರೋ ಒಬ್ಬಳು ಬರೆದಳು,
ಅಮ್ಮನಿಗೆಂದು ಕೊಳ್ಳುವವಳಿದ್ದೆ, ಅವಳ ಚರ್ಮವೂ ತೆಳು.
ಅಷ್ಟೇ. ಅದಕ್ಕೆ ಯಾರೂ ಏನೂ ಕಳಿಸಲಿಲ್ಲ.

ನೀನೂ ಬರಿ. ಬೇಡ ಅನ್ನುವುದಿಲ್ಲ,
ಹೋದ ವಾರ ನಾನೂ ಒಂದು ಬಾಣಲೆ ಕೇಳಿದ್ದೇನೆ.
ಆ ಕ್ರೀಮಿನ ಗಾಜಿನ ಡಬ್ಬಿ ಮಾತ್ರ ಚೆಂದವಿತ್ತು,
ತೊಳೆದು ಬಾಗಿಲ ಪಕ್ಕ ಇಟ್ಟಿದ್ದೇನೆ, ನೋಡು,
ಈಗ ಅದರ ತುಂಬ ಚಿಲ್ಲರೆ.
ಇಳಿಯುವುದಕ್ಕೆ ಲಿಫ್ಟು ಕಾಸು ಕೇಳುವುದಿಲ್ಲ.
ನಾಳೆ ಮೇಲೆ ಬರುವುದಕ್ಕೆ
ಒಂದು ತಗೊಂಡು ಹೋಗು.